ಕಾಲಿನ ಉಬ್ಬಿದ ರಕ್ತನಾಳಗಳು: ತಪಾಸಣೆ, ಚಿಕಿತ್ಸೆ ಹಾಗೂ ಸೌಲಭ್ಯ ಪಡೆಯುವ ವಿಧಾನ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಕಾಲಿನ ಚರ್ಮದ ಕೆಳಗಿರುವ ರಕ್ತನಾಳಗಳು ಉಬ್ಬಿ, ನೀಲಿ ಅಥವಾ ಹಸಿರು ಬಣ್ಣಕ್ಕೆ ತಿರುಗಿ, ಹುರಿಯಂತೆ ಸುತ್ತಿಕೊಂಡು ಕಾಣಿಸುವ ಸ್ಥಿತಿಯನ್ನು ವೆರಿಕೋಸ್ ವೇನ್ಸ್ ಎಂದು ಕರೆಯಲಾಗುತ್ತದೆ. ಪ್ರಾರಂಭದಲ್ಲಿ ಇದು ಹೆಚ್ಚಿನ ನೋವನ್ನು ಕೊಡುವುದಿಲ್ಲ. ಈ ಕಾರಣದಿಂದ ಬಹಳಷ್ಟು ಜನರು ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ತಪಾಸಣೆಯನ್ನು ಮುಂದೂಡುತ್ತಾರೆ. ವರ್ಷಗಳು ಕಳೆದ ನಂತರ ಪಾದದ ಗಂಟಿನ ಒಳಬದಿಯಲ್ಲಿ ಚರ್ಮ ಕಪ್ಪಾಗಿ, ತುರಿಕೆ ಉಂಟಾಗಿ, ಕೊನೆಗೆ ಹುಣ್ಣಾದಾಗ ಮಾತ್ರ ಆಸ್ಪತ್ರೆಗೆ ಬರುವುದು ಸಾಮಾನ್ಯವಾಗಿದೆ.

ಹೀಗೆ ಉಂಟಾದ ಹುಣ್ಣಿಗೆ ಕೇವಲ ಮುಲಾಮು ಹಚ್ಚಿ ಪಟ್ಟಿ ಕಟ್ಟಿದಲ್ಲಿ ಅದು ವಾಸಿಯಾಗಲು ದೀರ್ಘಕಾಲ ಹಿಡಿಯುತ್ತದೆ ಹಾಗೂ ವಾಸಿಯಾದರೂ ಮತ್ತೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ವಾರಕ್ಕೆ ಎರಡು ಬಾರಿ ಪಟ್ಟಿ ಬದಲಾಯಿಸಲು ಬರುವ ರೋಗಿಯು ಒಂದು ವರ್ಷದಲ್ಲಿ 104 ಬಾರಿ ಆಸ್ಪತ್ರೆಗೆ ಬರಬೇಕಾಗುತ್ತದೆ. ಆ 104 ದಿನಗಳ ಕೂಲಿ, ಬಸ್ ವೆಚ್ಚ ಮತ್ತು ಜೊತೆಗೆ ಬರುವವರ ದುಡಿಮೆಯನ್ನು ಲೆಕ್ಕ ಹಾಕಿದಲ್ಲಿ, ವಿಳಂಬದಿಂದ ಕುಟುಂಬಕ್ಕಾಗುವ ನಷ್ಟವು ತಿಳಿದುಬರುತ್ತದೆ. ಆದುದರಿಂದ ಹುಣ್ಣಾಗುವ ಮುನ್ನವೇ ತಪಾಸಣೆ ಮಾಡಿಸಿಕೊಳ್ಳುವುದು, ಹಾಗೂ ಹುಣ್ಣಾಗಿದ್ದಲ್ಲಿ ಹುಣ್ಣಿನೊಂದಿಗೆ ರಕ್ತನಾಳಕ್ಕೂ ಚಿಕಿತ್ಸೆ ಪಡೆಯುವುದು ಅತ್ಯವಶ್ಯ. ಇವೆರಡಕ್ಕೂ ಸಾರ್ವಜನಿಕರು ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2. 'ನರ' ಎಂಬ ಪದದ ಬಗ್ಗೆ ಸ್ಪಷ್ಟನೆ

ಆಡುಮಾತಿನಲ್ಲಿ ಈ ಕಾಯಿಲೆಯನ್ನು 'ಕಾಲಿನ ನರ ಉಬ್ಬಿವೆ' ಎಂದು ಹೇಳುವ ರೂಢಿಯಿದೆ. ಆದರೆ ನರ ಎಂಬ ಒಂದೇ ಪದವನ್ನು ಎರಡು ಬೇರೆ ಬೇರೆ ಅಂಗಗಳಿಗೆ ಬಳಸಲಾಗುತ್ತಿದೆ. ಸ್ಪರ್ಶ, ನೋವು ಮತ್ತು ಚಲನೆಯ ಸಂದೇಶವನ್ನು ಸಾಗಿಸುವ ತಂತುವು ನಿಜವಾದ ನರ. ಕಾಲಿನಲ್ಲಿ ಉಬ್ಬಿ ಕಾಣುವುದು ನರವಲ್ಲ. ಅದು ಕಾಲಿನಿಂದ ಹೃದಯಕ್ಕೆ ರಕ್ತವನ್ನು ಹಿಂದಿರುಗಿಸುವ ರಕ್ತನಾಳ. ಶಾಲಾ ವಿಜ್ಞಾನ ಪಠ್ಯಗಳಲ್ಲಿ ಇದನ್ನು ಅಭಿಧಮನಿ ಎಂದು ಹೆಸರಿಸಲಾಗಿದೆ.

ಈ ವ್ಯತ್ಯಾಸವು ಕೇವಲ ಭಾಷೆಗೆ ಸಂಬಂಧಿಸಿದ್ದಲ್ಲ. ನರ ಎಂಬ ಪದದಿಂದಾಗಿ ಕೆಲವರು ಇದನ್ನು ನರ ದೌರ್ಬಲ್ಯವೆಂದು ಭಾವಿಸಿ ಶಕ್ತಿವರ್ಧಕ ಮಾತ್ರೆ, ಟಾನಿಕ್ ಮತ್ತು ಚುಚ್ಚುಮದ್ದುಗಳಿಗೆ ಹಣ ವ್ಯಯಿಸುತ್ತಾರೆ. ಇವುಗಳಿಂದ ಉಬ್ಬಿದ ಅಭಿಧಮನಿಯು ಸರಿಹೋಗುವುದಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ 'ಕಾಲಿನ ರಕ್ತನಾಳ ಉಬ್ಬಿದೆ' ಎಂದು ಹೇಳಿ, ಶಸ್ತ್ರಚಿಕಿತ್ಸಾ ತಜ್ಞರ ಹೊರರೋಗಿ ವಿಭಾಗಕ್ಕೆ ಕಳುಹಿಸುವಂತೆ ಕೋರುವುದು ಸೂಕ್ತ.

3. ಕಾಯಿಲೆ ಉಂಟಾಗುವ ಬಗೆ

ಹೃದಯದಿಂದ ಹೊರಟ ರಕ್ತವು ಅಪಧಮನಿಗಳ ಮೂಲಕ ಪಾದವನ್ನು ತಲುಪುತ್ತದೆ. ಅಲ್ಲಿಂದ ಗುರುತ್ವಾಕರ್ಷಣೆಗೆ ವಿರುದ್ಧವಾಗಿ ಮೇಲಕ್ಕೆ ಏರಿ ಅಭಿಧಮನಿಗಳ ಮೂಲಕ ಹೃದಯಕ್ಕೆ ಮರಳಬೇಕು. ಈ ಕಾರ್ಯಕ್ಕೆ ಎರಡು ವ್ಯವಸ್ಥೆಗಳಿವೆ.

(ಅ) ಮೀನಖಂಡದ ಸ್ನಾಯುಗಳು: ನಡೆಯುವಾಗ ಇವು ಕುಗ್ಗಿ, ಆಳದಲ್ಲಿರುವ ಅಭಿಧಮನಿಗಳನ್ನು ಒತ್ತಿ, ರಕ್ತವನ್ನು ಪಂಪಿನಂತೆ ಮೇಲಕ್ಕೆ ತಳ್ಳುತ್ತವೆ.

(ಆ) ಕವಾಟಗಳು: ಅಭಿಧಮನಿಗಳ ಒಳಗಿರುವ ಈ ತೆಳುವಾದ ಬಾಗಿಲುಗಳು ಮೇಲ್ಮುಖವಾಗಿ ಮಾತ್ರ ತೆರೆದುಕೊಳ್ಳುತ್ತವೆ ಮತ್ತು ಏರಿದ ರಕ್ತ ಕೆಳಗಿಳಿಯದಂತೆ ತಡೆಯುತ್ತವೆ.

ಕವಾಟಗಳು ಸಡಿಲಗೊಂಡಾಗ ರಕ್ತವು ಕೆಳಕ್ಕೆ ಸೋರಿ ಮೇಲ್ಪದರದ ಅಭಿಧಮನಿಗಳಲ್ಲಿ ತುಂಬಿಕೊಳ್ಳುತ್ತದೆ. ಹೊಲದ ಕಾಲುವೆಯ ಮೇಲಿನ ತೂಬು ಸರಿಯಾಗಿ ಮುಚ್ಚದಿದ್ದಲ್ಲಿ ಕೆಳಗಿನ ಬದು ಸದಾ ಜವುಗಾಗಿರುವಂತೆ, ಮೇಲಿನ ಕವಾಟ ಸೋರಿದಲ್ಲಿ ಕಾಲಿನ ಕೆಳಭಾಗದಲ್ಲಿ ಸದಾ ಒತ್ತಡ ಉಂಟಾಗುತ್ತದೆ. ಈ ಒತ್ತಡದಿಂದಲೇ ಊತ, ಚರ್ಮದ ಕಪ್ಪು ಬಣ್ಣ ಹಾಗೂ ಹುಣ್ಣು ಉಂಟಾಗುತ್ತವೆ. ಕೆಳಗಿನ ಜವುಗಿನ ಮೇಲೆ ಎಷ್ಟು ಮಣ್ಣು ಹಾಕಿದರೂ ತೂಬು ಸರಿಪಡಿಸದೆ ನೆಲ ಒಣಗುವುದಿಲ್ಲ. ಹುಣ್ಣಿನ ವಿಷಯದಲ್ಲಿಯೂ ಇದೇ ನಿಯಮ ಅನ್ವಯಿಸುತ್ತದೆ.

ಮೇಲ್ಪದರದ ಅಭಿಧಮನಿಗಳಲ್ಲಿ ಎರಡು ಮುಖ್ಯವಾದವು. ದೊಡ್ಡ ಸಫೀನಸ್ ಅಭಿಧಮನಿಯು ಪಾದದ ಗಂಟಿನ ಒಳಬದಿಯಿಂದ ತೊಡೆಸಂದಿಯವರೆಗೆ ಸಾಗುತ್ತದೆ. ಸಣ್ಣ ಸಫೀನಸ್ ಅಭಿಧಮನಿಯು ಪಾದದ ಗಂಟಿನ ಹೊರಬದಿಯಿಂದ ಮೀನಖಂಡದ ಹಿಂಭಾಗದಲ್ಲಿ ಸಾಗಿ ಮೊಣಕಾಲಿನ ಹಿಂದೆ ಸೇರುತ್ತದೆ.

4. ಯಾರಲ್ಲಿ ಹೆಚ್ಚಾಗಿ ಕಂಡುಬರುತ್ತದೆ

(1) ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಈ ಕಾಯಿಲೆ ಇರುವವರು.
(2) ದೀರ್ಘಕಾಲ ಒಂದೇ ಸ್ಥಳದಲ್ಲಿ ನಿಂತು ಕೆಲಸ ಮಾಡುವವರು. ಬಸ್ ನಿರ್ವಾಹಕರು, ಶಿಕ್ಷಕರು, ಪೊಲೀಸ್ ಸಿಬ್ಬಂದಿ, ಹೋಟೆಲ್ ಅಡುಗೆಯವರು, ಅಂಗಡಿ ಕೆಲಸಗಾರರು ಇದರಲ್ಲಿ ಸೇರುತ್ತಾರೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ದಿನಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತು ವ್ಯಾಪಾರ ಮಾಡುವವರಿಗೂ ಇದು ಅನ್ವಯಿಸುತ್ತದೆ.
(3) ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕುಳಿತು ದುಡಿಯುವವರು. ರಾಮದುರ್ಗ ತಾಲ್ಲೂಕಿನ ನೇಕಾರರು ಹಾಗೂ ಹೊಲಿಗೆ ಕೆಲಸದವರು ಎಚ್ಚರಿಕೆ ವಹಿಸುವುದು ಒಳ್ಳೆಯದು.
(4) ಗರ್ಭಿಣಿಯರು ಹಾಗೂ ಹಲವು ಬಾರಿ ಹೆರಿಗೆಯಾದ ಮಹಿಳೆಯರು.
(5) ಅಧಿಕ ತೂಕವುಳ್ಳವರು ಮತ್ತು ವಯಸ್ಸಾದವರು.
(6) ಹಿಂದೆ ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದವರು ಅಥವಾ ಕಾಲಿಗೆ ದೊಡ್ಡ ಪೆಟ್ಟಾದವರು.

ನಡೆಯುವುದರಿಂದ ಈ ಕಾಯಿಲೆ ಬರುವುದಿಲ್ಲ. ನಡೆಯುವಾಗ ಮೀನಖಂಡದ ಪಂಪು ಕೆಲಸ ಮಾಡುವುದರಿಂದ ಅಭಿಧಮನಿಯ ಒತ್ತಡ ಕಡಿಮೆಯಾಗುತ್ತದೆ. ಅಲುಗಾಡದೆ ನಿಲ್ಲುವುದು ಹಾಗೂ ಕುಳಿತುಕೊಳ್ಳುವುದು ಮಾತ್ರ ತೊಂದರೆ ಹೆಚ್ಚಿಸುತ್ತದೆ.

5. ಕಾಯಿಲೆಯ ಹಂತಗಳು

ವೈದ್ಯರು ಈ ಕಾಯಿಲೆಯನ್ನು 'ಸೀಪ್' ಎಂಬ ಅಂತಾರಾಷ್ಟ್ರೀಯ ವರ್ಗೀಕರಣದ ಪ್ರಕಾರ ದಾಖಲಿಸುತ್ತಾರೆ. ಇದು 1994ರಲ್ಲಿ ರೂಪಿತವಾಗಿದ್ದು, 2004 ಮತ್ತು 2020ರಲ್ಲಿ ಪರಿಷ್ಕೃತಗೊಂಡಿದೆ. ಆಸ್ಪತ್ರೆಯ ಚೀಟಿಯಲ್ಲಿ 'ಸಿ' ಅಕ್ಷರದ ಮುಂದೆ ಬರೆಯುವ ಸಂಖ್ಯೆಯ ಅರ್ಥ ಈ ಕೆಳಕಂಡಂತಿದೆ.

ಸಿ-0: ಕಣ್ಣಿಗೆ ಕಾಣುವ ಯಾವುದೇ ಲಕ್ಷಣ ಇಲ್ಲ.
ಸಿ-1: ಜೇಡರ ಬಲೆಯಂತಹ ಕೆಂಪು-ನೀಲಿ ಸಣ್ಣ ಗೆರೆಗಳು.
ಸಿ-2: ನಿಂತಾಗ 3 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ದಪ್ಪವಾಗಿ ಉಬ್ಬಿದ ಅಭಿಧಮನಿಗಳು.
ಸಿ-3: ಊತ. ಸಂಜೆ ಹೆಚ್ಚಾಗಿ, ರಾತ್ರಿ ಮಲಗಿದ ನಂತರ ಕಡಿಮೆಯಾಗುತ್ತದೆ.
ಸಿ-4: ಚರ್ಮದ ಬದಲಾವಣೆ. ಕಪ್ಪು ಅಥವಾ ಕಂದು ಬಣ್ಣ, ಇಸುಬು, ಚರ್ಮ ಗಟ್ಟಿಯಾಗುವುದು.
ಸಿ-5: ಹಿಂದೆ ಹುಣ್ಣಾಗಿ ಈಗ ಮಾಯ್ದಿರುವುದು.
ಸಿ-6: ಈಗ ಹುಣ್ಣು ಇರುವುದು.

ಸಿ-4 ಹಂತವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಪಾದದ ಗಂಟಿನ ಮೇಲ್ಭಾಗದ ಚರ್ಮ ಕಪ್ಪಾಗಿ ತುರಿಸುವುದನ್ನು ಅನೇಕರು ಹುಳುಕಡ್ಡಿ ಅಥವಾ ಅಲರ್ಜಿ ಎಂದು ಭಾವಿಸಿ ಔಷಧ ಅಂಗಡಿಯ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುತ್ತಾರೆ. ವಾಸ್ತವವಾಗಿ ಇದು ಹುಣ್ಣಾಗುವ ಮೊದಲಿನ ಸೂಚನೆಯಾಗಿರಬಹುದು. ಈ ಹಂತದಲ್ಲಿ ಬಂದವರಿಗೆ ಹುಣ್ಣನ್ನು ತಡೆಯುವ ಅವಕಾಶ ಇನ್ನೂ ಇರುತ್ತದೆ.

6. ವಿಳಂಬ ಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

(ಅ) ರಕ್ತಸ್ರಾವ: ಉಬ್ಬಿದ ರಕ್ತನಾಳಕ್ಕೆ ಸಣ್ಣ ಪೆಟ್ಟಾದರೂ ರಕ್ತ ಚಿಮ್ಮಬಹುದು. ಗಾಬರಿಯಿಂದ ನಿಂತುಕೊಂಡೇ ಇದ್ದಲ್ಲಿ ಅಥವಾ ಓಡಾಡಿದಲ್ಲಿ ರಕ್ತಸ್ರಾವ ಹೆಚ್ಚಿ ಪ್ರಾಣಾಪಾಯ ಉಂಟಾಗಬಹುದು. ರೋಗಿಯನ್ನು ಕೂಡಲೇ ನೆಲದ ಮೇಲೆ ಮಲಗಿಸಿ, ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ, ಸ್ವಚ್ಛ ಬಟ್ಟೆಯನ್ನು ಗಾಯದ ಮೇಲೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯತಕ್ಕದ್ದು. ಗಾಯದ ಮೇಲ್ಭಾಗದಲ್ಲಿ ಹಗ್ಗ ಅಥವಾ ಬಟ್ಟೆಯನ್ನು ಬಿಗಿದು ಕಟ್ಟಬಾರದು. ಸುಣ್ಣ, ಕಾಫಿಪುಡಿ ತುಂಬಬಾರದು. 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಕರೆಸತಕ್ಕದ್ದು.

(ಆ) ಒಂದೇ ಕಾಲು ಹಠಾತ್ತನೆ ಊದಿಕೊಂಡು ಮೀನಖಂಡದಲ್ಲಿ ನೋವು ಬರುವುದು: ಇದು ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಲಕ್ಷಣವಾಗಿರಬಹುದು. ಇದರೊಂದಿಗೆ ಉಸಿರಾಟದ ತೊಂದರೆ ಅಥವಾ ಎದೆನೋವು ಕಂಡುಬಂದಲ್ಲಿ ಹೆಪ್ಪು ಶ್ವಾಸಕೋಶಕ್ಕೆ ತಲುಪಿರುವ ಸಂಭವವಿದ್ದು, ತುರ್ತು ಚಿಕಿತ್ಸೆ ಅಗತ್ಯ. ಇಂತಹ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬಾರದು.

(ಇ) ಉಬ್ಬಿದ ರಕ್ತನಾಳವು ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುವುದು.

(ಈ) ಎರಡು ವಾರಗಳಾದರೂ ಮಾಯದ ಕಾಲಿನ ಯಾವುದೇ ಗಾಯ. ಮಧುಮೇಹಿಗಳು ಎರಡು ವಾರ ಕಾಯದೆ ಗಾಯವಾದ ಕೂಡಲೇ ತೋರಿಸತಕ್ಕದ್ದು.

7. ತಪಾಸಣೆಯ ಕ್ರಮ

(1) ವೈದ್ಯರ ಪರೀಕ್ಷೆ: ರೋಗಿಯನ್ನು ಬೆಳಕಿನಲ್ಲಿ ನಿಲ್ಲಿಸಿ ಎರಡೂ ಕಾಲುಗಳನ್ನು ತೊಡೆಸಂದಿಯಿಂದ ಪಾದದವರೆಗೆ ಪರಿಶೀಲಿಸಲಾಗುತ್ತದೆ. ಮಲಗಿದಾಗ ಉಬ್ಬು ಇಳಿದುಹೋಗುವುದರಿಂದ ನಿಲ್ಲಿಸಿ ನೋಡುವುದು ಅವಶ್ಯ. ಮಹಿಳಾ ರೋಗಿಗಳು ಸಂಕೋಚವಿದ್ದಲ್ಲಿ ಮಹಿಳಾ ಸಿಬ್ಬಂದಿಯ ಉಪಸ್ಥಿತಿಯನ್ನು ಕೋರಬಹುದು. ಹಿಂದಿನ ಹೆರಿಗೆ, ಶಸ್ತ್ರಚಿಕಿತ್ಸೆ, ರಕ್ತ ಹೆಪ್ಪುಗಟ್ಟಿದ ಘಟನೆ, ಮಧುಮೇಹ, ಧೂಮಪಾನ ಹಾಗೂ ಸೇವಿಸುತ್ತಿರುವ ಮಾತ್ರೆಗಳ ವಿವರವನ್ನು ಮರೆಮಾಚದೆ ತಿಳಿಸತಕ್ಕದ್ದು.

(2) ಕಲರ್ ಡಾಪ್ಲರ್ ಸ್ಕ್ಯಾನಿಂಗ್: ಇದು ತಪಾಸಣೆಯ ಪ್ರಮುಖ ಭಾಗ. ಶಬ್ದತರಂಗಗಳ ಮೂಲಕ ರಕ್ತ ಹರಿಯುವ ದಿಕ್ಕನ್ನು ತೋರಿಸುವ ಈ ಪರೀಕ್ಷೆಯಲ್ಲಿ ಸೂಜಿ ಇಲ್ಲ, ನೋವಿಲ್ಲ, ಕ್ಷ-ಕಿರಣವಿಲ್ಲ. ಕವಾಟ ಸೋರುತ್ತಿದೆಯೇ ಎಂಬುದನ್ನು ಸಾಮಾನ್ಯವಾಗಿ ರೋಗಿಯನ್ನು ನಿಲ್ಲಿಸಿ ನೋಡಲಾಗುತ್ತದೆ. ಮೇಲ್ಪದರದ ಅಭಿಧಮನಿಯಲ್ಲಿ ರಕ್ತವು ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಲ ಹಿಮ್ಮುಖವಾಗಿ ಹರಿದಲ್ಲಿ ಕವಾಟ ಕೆಟ್ಟಿದೆ ಎಂದು ತೀರ್ಮಾನಿಸಲಾಗುತ್ತದೆ.

ಡಾಪ್ಲರ್ ಇಲ್ಲದೆ ಶಸ್ತ್ರಚಿಕಿತ್ಸೆಗೆ ಆತುರಪಡಬಾರದು. ಆಳದ ಅಭಿಧಮನಿಯು ಹಳೆಯ ಹೆಪ್ಪಿನಿಂದ ಮುಚ್ಚಿಹೋಗಿದ್ದಲ್ಲಿ, ಮೇಲೆ ಉಬ್ಬಿರುವ ರಕ್ತನಾಳವೇ ರಕ್ತ ಮರಳಲು ಬದಲಿ ದಾರಿಯಾಗಿರಬಹುದು. ಅಂತಹ ಸಂದರ್ಭದಲ್ಲಿ ಅದನ್ನು ತೆಗೆದುಹಾಕುವುದರಿಂದ ಕಾಲಿನ ಸ್ಥಿತಿ ಮತ್ತಷ್ಟು ಹದಗೆಡಬಹುದು.

(3) ಪಾದದ ರಕ್ತಸಂಚಾರದ ಪರೀಕ್ಷೆ: ಬಿಗಿಯಾದ ಪಟ್ಟಿ ಅಥವಾ ಕಾಲುಚೀಲವನ್ನು ಸೂಚಿಸುವ ಮುನ್ನ ಪಾದದ ನಾಡಿಯನ್ನು ನೋಡಿ, ಅಗತ್ಯವಿದ್ದಲ್ಲಿ ಪಾದದ ಗಂಟಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದೊಂದಿಗೆ ಹೋಲಿಸಲಾಗುತ್ತದೆ. ಈ ಅನುಪಾತವು 0.8ಕ್ಕಿಂತ ಕಡಿಮೆ ಇದ್ದಲ್ಲಿ ತಜ್ಞರ ಸಲಹೆ ಇಲ್ಲದೆ ಬಿಗಿ ಪಟ್ಟಿ ಕಟ್ಟಬಾರದು. ಮಧುಮೇಹಿಗಳು, ವೃದ್ಧರು ಹಾಗೂ ಬೀಡಿ-ಸಿಗರೇಟು ಸೇದುವವರಿಗೆ ಈ ಪರೀಕ್ಷೆ ಮುಖ್ಯವಾದುದು.

(4) ರಕ್ತದ ಸಕ್ಕರೆ, ಹಿಮೋಗ್ಲೋಬಿನ್ ಮುಂತಾದ ಸಾಮಾನ್ಯ ಪರೀಕ್ಷೆಗಳು.

8. ಚಿಕಿತ್ಸಾ ವಿಧಾನಗಳು

(ಅ) ಜೀವನಕ್ರಮದ ಬದಲಾವಣೆ

ಪ್ರತಿದಿನ ಕನಿಷ್ಠ ಅರ್ಧ ಗಂಟೆ ನಡೆಯುವುದು, ನಿಂತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಹಿಮ್ಮಡಿಯನ್ನು ಹತ್ತಿಪ್ಪತ್ತು ಬಾರಿ ಎತ್ತಿ ಇಳಿಸುವುದು, ನೇಕಾರರು ಆಗಾಗ್ಗೆ ಮಗ್ಗದಿಂದ ಎದ್ದು ನಾಲ್ಕು ಹೆಜ್ಜೆ ಓಡಾಡುವುದು, ಮಲಗುವಾಗ ಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳುವುದು, ತೂಕ ನಿಯಂತ್ರಣ. ಇವು ತೊಂದರೆಯನ್ನು ತಗ್ಗಿಸುತ್ತವೆಯೇ ಹೊರತು ಕೆಟ್ಟ ಕವಾಟವನ್ನು ಸರಿಪಡಿಸುವುದಿಲ್ಲ.

(ಆ) ಒತ್ತಡದ ಕಾಲುಚೀಲ

ವೈದ್ಯರು ಸೂಚಿಸುವ ಸ್ಟಾಕಿಂಗ್ಸ್ ಪಾದದ ಗಂಟಿನಲ್ಲಿ ಹೆಚ್ಚು ಹಾಗೂ ಮೇಲಕ್ಕೆ ಹೋದಂತೆ ಕಡಿಮೆ ಒತ್ತಡ ನೀಡುತ್ತದೆ. ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಪಾದರಸದ ಒತ್ತಡದ ಚೀಲವನ್ನು ಸೂಚಿಸಲಾಗುತ್ತದೆ. ಊತವಿಲ್ಲದ ಬೆಳಗಿನ ವೇಳೆ ಅಳತೆ ತೆಗೆಸಿ ಕೊಳ್ಳತಕ್ಕದ್ದು. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಧರಿಸಿ ರಾತ್ರಿ ಮಲಗುವಾಗ ತೆಗೆಯಬೇಕು. ಬೇಸಿಗೆಯಲ್ಲಿ ಇದನ್ನು ಧರಿಸುವುದು ಕಷ್ಟವಾದಾಗ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸುವುದು ಸೂಕ್ತ. ಅಳತೆ ತಪ್ಪಿದ ಅಥವಾ ಮಡಿಸಿಕೊಂಡು ಬಿಗಿಯುವ ಚೀಲದಿಂದ ಹಾನಿಯಾಗಬಹುದು.

(ಇ) ಶಾಖ ಚಿಕಿತ್ಸೆ: ಲೇಸರ್ ಅಥವಾ ರೇಡಿಯೋ ತರಂಗ

ಕೆಟ್ಟ ಅಭಿಧಮನಿಯೊಳಗೆ ತೆಳುವಾದ ತಂತುವನ್ನು ಸೇರಿಸಿ, ಒಳಗಿನಿಂದ ಶಾಖ ನೀಡಿ ಅದನ್ನು ಮುಚ್ಚಲಾಗುತ್ತದೆ. ಸಾಮಾನ್ಯವಾಗಿ ಸ್ಥಳೀಯ ಅರಿವಳಿಕೆಯಲ್ಲಿ ಮಾಡಬಹುದಾಗಿದ್ದು, ರೋಗಿಯು ಅದೇ ದಿನ ನಡೆದಾಡಬಹುದು. ರಕ್ತವು ಆರೋಗ್ಯವಾಗಿರುವ ಇತರ ಅಭಿಧಮನಿಗಳ ಮೂಲಕ ಮರಳುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯು 2013ರಲ್ಲಿ ಶಾಖ ಚಿಕಿತ್ಸೆಯನ್ನು ಮೊದಲ ಆಯ್ಕೆಯಾಗಿ, ನೊರೆ ಚುಚ್ಚುಮದ್ದನ್ನು ಎರಡನೆಯದಾಗಿ ಹಾಗೂ ಶಸ್ತ್ರಚಿಕಿತ್ಸೆಯನ್ನು ಮೂರನೆಯದಾಗಿ ಸೂಚಿಸಿತು.

(ಈ) ನೊರೆ ಚುಚ್ಚುಮದ್ದು

ಔಷಧವನ್ನು ಗಾಳಿಯೊಂದಿಗೆ ಬೆರೆಸಿ ನೊರೆಯಾಗಿಸಿ ಅಭಿಧಮನಿಯೊಳಗೆ ಚುಚ್ಚಲಾಗುತ್ತದೆ. ಅಭಿಧಮನಿಯ ಗೋಡೆಗಳು ಅಂಟಿಕೊಂಡು ಮುಚ್ಚುತ್ತವೆ. ಒಂದಕ್ಕಿಂತ ಹೆಚ್ಚು ಬಾರಿ ಬೇಕಾಗಬಹುದು.

(ಉ) ಶಸ್ತ್ರಚಿಕಿತ್ಸೆ

ತೊಡೆಸಂದಿಯಲ್ಲಿ ಅಭಿಧಮನಿಯನ್ನು ಕಟ್ಟಿ, ಕೆಟ್ಟ ಭಾಗವನ್ನು ಎಳೆದು ತೆಗೆಯುವ ಈ ವಿಧಾನವು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಬಳಕೆಯಲ್ಲಿದೆ. ಶಾಖ ಚಿಕಿತ್ಸೆಯ ಉಪಕರಣ ಲಭ್ಯವಿಲ್ಲದ ಕಡೆ ಹಾಗೂ ಕೆಲವು ವಿಧದ ಅಭಿಧಮನಿಗಳಿಗೆ ಇದು ಇಂದಿಗೂ ಉಪಯುಕ್ತ. ಹಳೆಯ ವಿಧಾನವೆಂಬ ಕಾರಣಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿರುವ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿ ವರ್ಷಗಟ್ಟಲೆ ಕಾಯುವುದು ಸರಿಯಲ್ಲ.

ಯಾವುದೇ ವಿಧಾನದ ನಂತರ ಕೆಲವರಲ್ಲಿ ನೋವು, ಚರ್ಮದ ಬಣ್ಣ ಬದಲಾವಣೆ, ಜೋಮು ಅಥವಾ ಸೋಂಕು ಉಂಟಾಗಬಹುದು. ವಿರಳವಾಗಿ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕೆಲವು ವರ್ಷಗಳ ನಂತರ ಬೇರೆ ಅಭಿಧಮನಿಗಳು ಉಬ್ಬುವ ಸಾಧ್ಯತೆಯೂ ಇದೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಈ ಅಂಶಗಳನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು.

9. ಹುಣ್ಣು ಇರುವವರಿಗೆ ವಿಶೇಷ ಸೂಚನೆ

ಅಭಿಧಮನಿಯ ಹುಣ್ಣಿಗೆ ಮೂರು ಅಂಶಗಳು ಒಟ್ಟಿಗೆ ಬೇಕು: ಸ್ವಚ್ಛವಾದ ಪಟ್ಟಿ, ಸರಿಯಾದ ಒತ್ತಡದ ಸುತ್ತುಪಟ್ಟಿ ಹಾಗೂ ಕೆಟ್ಟ ಅಭಿಧಮನಿಯ ಚಿಕಿತ್ಸೆ. ಇವುಗಳ ಪೈಕಿ ಮೊದಲನೆಯದು ಮಾತ್ರ ಸಾಮಾನ್ಯವಾಗಿ ನಡೆಯುತ್ತಿರುವುದರಿಂದ ಹುಣ್ಣು ದೀರ್ಘಕಾಲ ಉಳಿಯುತ್ತದೆ.

ಬ್ರಿಟನ್ನಿನಲ್ಲಿ 500 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೇವಲ ಒತ್ತಡದ ಪಟ್ಟಿ ಪಡೆದವರ ಪೈಕಿ ಶೇಕಡ 28ರಷ್ಟು ಜನರಿಗೆ 12 ತಿಂಗಳೊಳಗೆ ಹುಣ್ಣು ಮರುಕಳಿಸಿತು. ಪಟ್ಟಿಯೊಂದಿಗೆ ಅಭಿಧಮನಿಯ ಶಸ್ತ್ರಚಿಕಿತ್ಸೆಯನ್ನೂ ಪಡೆದವರಲ್ಲಿ ಈ ಪ್ರಮಾಣ ಶೇಕಡ 12 ಆಗಿತ್ತು. 450 ರೋಗಿಗಳನ್ನೊಳಗೊಂಡು 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಎರಡು ವಾರಗಳೊಳಗೆ ಅಭಿಧಮನಿಯನ್ನು ಮುಚ್ಚುವ ಚಿಕಿತ್ಸೆ ಪಡೆದವರ ಹುಣ್ಣು ಮಾಯಲು ತೆಗೆದುಕೊಂಡ ಮಧ್ಯಮ ಅವಧಿ 56 ದಿನಗಳು; ಆ ಚಿಕಿತ್ಸೆಯನ್ನು ಮುಂದೂಡಿದವರಲ್ಲಿ 82 ದಿನಗಳು. ಎಂದರೆ, ಹುಣ್ಣು ಮಾಯಲಿ, ಆಮೇಲೆ ರಕ್ತನಾಳ ನೋಡೋಣ ಎಂದು ಕಾಯುವುದರಿಂದ ಲಾಭವಿಲ್ಲ.

ಹುಣ್ಣು ಇರುವವರು ಕೆಸರಿನಲ್ಲಿ ಅಥವಾ ದನದ ಕೊಟ್ಟಿಗೆಯಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡಬಾರದು. ಹರಕೆಯ ಪಾದಯಾತ್ರೆಗೆ ಹೋಗುವವರು ವೈದ್ಯರನ್ನು ಕೇಳಿ, ಹುಣ್ಣನ್ನು ಮುಚ್ಚಿಕೊಂಡು ಪಾದರಕ್ಷೆಯೊಂದಿಗೆ ನಡೆಯುವುದು ಸುರಕ್ಷಿತ. ಹಲವು ವರ್ಷಗಳಿಂದ ಇರುವ ಹುಣ್ಣಿನ ಅಂಚು ದಪ್ಪವಾಗಿ ಬೆಳೆದಲ್ಲಿ, ವಿರಳವಾಗಿ ಅದು ಕ್ಯಾನ್ಸರ್ ಆಗಿ ಮಾರ್ಪಡುವ ಸಂಭವವಿರುವುದರಿಂದ, ತುಣುಕು ಪರೀಕ್ಷೆ ಮಾಡಿಸತಕ್ಕದ್ದು.

10. ಎಲ್ಲಿಗೆ ಹೋಗಬೇಕು

ಮೊದಲ ಹಂತ: ಸಮೀಪದ ಪ್ರಾಥಮಿಕ ಅಥವಾ ಸಮುದಾಯ ಆರೋಗ್ಯ ಕೇಂದ್ರ, ಇಲ್ಲವೇ ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲ್ಲೂಕು ಆಸ್ಪತ್ರೆ. ಕಿತ್ತೂರು ಭಾಗದವರು ಕಿತ್ತೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬಹುದು. ಶಸ್ತ್ರಚಿಕಿತ್ಸಾ ತಜ್ಞರು ಲಭ್ಯವಿರುವ ದಿನವನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೋದಲ್ಲಿ ಒಂದು ದಿನದ ದುಡಿಮೆ ಉಳಿಯುತ್ತದೆ.

ಎರಡನೆಯ ಹಂತ: ಡಾಪ್ಲರ್ ಅಥವಾ ಚಿಕಿತ್ಸೆ ಅಲ್ಲಿ ಲಭ್ಯವಿಲ್ಲದಿದ್ದಲ್ಲಿ ಶಿಫಾರಸು ಪತ್ರ ಪಡೆದು ಉನ್ನತ ಆಸ್ಪತ್ರೆಗೆ ಹೋಗತಕ್ಕದ್ದು. ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯು (ಬಿಮ್ಸ್) ಜಿಲ್ಲಾ ಕೇಂದ್ರದಲ್ಲಿದೆ. ಕಿತ್ತೂರು ಪಟ್ಟಣವು ಬೆಳಗಾವಿ-ಧಾರವಾಡ ರಾಷ್ಟ್ರೀಯ ಹೆದ್ದಾರಿಯಲ್ಲಿದ್ದು, ಸವದತ್ತಿಗೂ ಬೆಳಗಾವಿಗಿಂತ ಧಾರವಾಡ ಸಮೀಪವಾಗಿದೆ. ಆದುದರಿಂದ ಈ ಭಾಗದವರು ಧಾರವಾಡ ಜಿಲ್ಲಾ ಆಸ್ಪತ್ರೆ ಅಥವಾ ಹಿಂದೆ ಕಿಮ್ಸ್ ಎಂದು ಹೆಸರಾಗಿದ್ದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಶಿಫಾರಸು ಕೋರಬಹುದು. ರಾಮದುರ್ಗದವರಿಗೆ ದೂರ ಹೆಚ್ಚಾಗಿರುವುದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಆಗಬಹುದಾದ ರಕ್ತ ಪರೀಕ್ಷೆಗಳನ್ನು ಮುಗಿಸಿ ವರದಿಯೊಂದಿಗೆ ಹೊರಡುವುದು ಅನುಕೂಲ.

11. ಯೋಜನೆಗಳ ಅಡಿಯಲ್ಲಿ ಸೌಲಭ್ಯ

(ಅ) ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ: ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಗಳನ್ನು 2018ರಲ್ಲಿ ಸಂಯೋಜಿಸಲಾಯಿತು. ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಬಡತನ ರೇಖೆಗಿಂತ ಮೇಲಿನ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟನ್ನು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಗೊಳಪಟ್ಟು, ಸರ್ಕಾರ ಭರಿಸುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿರುವ ಚಿಕಿತ್ಸೆಯನ್ನು ಅಲ್ಲಿಯೇ ಪಡೆಯಬೇಕು. ಅಲ್ಲಿ ಲಭ್ಯವಿಲ್ಲದಿದ್ದಲ್ಲಿ ಶಿಫಾರಸು ಪತ್ರದೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಶಿಫಾರಸು ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ, ಹಣ ಪಾವತಿಸಿದ ನಂತರ ಮರುಪಾವತಿಗೆ ಅರ್ಜಿ ಸಲ್ಲಿಸುವುದರಿಂದ ಪ್ರಯೋಜನವಾಗದೆ ಹೋಗಬಹುದು. ಚಿಕಿತ್ಸಾ ಪಟ್ಟಿಯು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ, ವೈದ್ಯರು ಸೂಚಿಸಿದ ವಿಧಾನವು ಪಟ್ಟಿಯಲ್ಲಿದೆಯೇ ಮತ್ತು ಪೂರ್ವಾನುಮತಿ ದೊರೆತಿದೆಯೇ ಎಂಬುದನ್ನು ದಾಖಲಾಗುವ ಮುನ್ನ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಕೇವಲ ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಸೌಲಭ್ಯ ಇರುವುದಿಲ್ಲ. ಆದುದರಿಂದ ನೋವು, ಊತ, ಚರ್ಮದ ಬದಲಾವಣೆ, ಹುಣ್ಣು ಇವುಗಳಲ್ಲಿ ಯಾವುದಿದೆ ಎಂಬುದು ಚೀಟಿಯಲ್ಲಿ ದಾಖಲಾಗಿರಬೇಕು.

(ಆ) ಯಶಸ್ವಿನಿ: ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಈ ಯೋಜನೆಯು 2018ರಲ್ಲಿ ಸ್ಥಗಿತಗೊಂಡು, 2022-23ನೇ ಸಾಲಿನಿಂದ ಮರುಜಾರಿಯಾಗಿದೆ. ಕೃಷಿ ಪತ್ತಿನ ಸಂಘ, ಹಾಲು ಉತ್ಪಾದಕರ ಸಂಘ, ನೇಕಾರರ ಸಂಘ ಮುಂತಾದವುಗಳ ಸದಸ್ಯರು ನೋಂದಣಿಯ ಅವಧಿ ಹಾಗೂ ಚಿಕಿತ್ಸಾ ಪಟ್ಟಿಯನ್ನು ತಮ್ಮ ಸಂಘದ ಕಾರ್ಯದರ್ಶಿಗಳಲ್ಲಿ ವಿಚಾರಿಸುವುದು.

12. ಜೊತೆಯಲ್ಲಿ ತರಬೇಕಾದ ದಾಖಲೆಗಳು

(1) ಆಧಾರ್ ಕಾರ್ಡ್, ಮೂಲ ಮತ್ತು ನಕಲು.
(2) ಪಡಿತರ ಚೀಟಿ. ರೋಗಿಯ ಹೆಸರು ಅದರಲ್ಲಿ ಇರಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲಿದ್ದಲ್ಲಿ ಮುಂಚಿತವಾಗಿ ತಿದ್ದುಪಡಿ ಮಾಡಿಸಿಕೊಳ್ಳುವುದು.
(3) ಆಯುಷ್ಮಾನ್ ಕಾರ್ಡ್ ಇದ್ದಲ್ಲಿ ಅದು.
(4) ಹೊರರೋಗಿ ಚೀಟಿ ಮತ್ತು ಮೂಲ ಶಿಫಾರಸು ಪತ್ರ.
(5) ಡಾಪ್ಲರ್ ವರದಿ, ರಕ್ತ ಪರೀಕ್ಷಾ ವರದಿಗಳು.
(6) ಹಿಂದಿನ ಚಿಕಿತ್ಸೆಯ ಚೀಟಿಗಳು, ಸೇವಿಸುತ್ತಿರುವ ಔಷಧಗಳು.

ಎಲ್ಲ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಆಸ್ಪತ್ರೆಯ ಡಾಪ್ಲರ್ ವರದಿ ಕಳೆದುಹೋದಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕಾಗಿ ಬರುತ್ತದೆ. ಸೌಲಭ್ಯ ನಿರಾಕರಣೆ ಅಥವಾ ಹೆಚ್ಚುವರಿ ಹಣದ ಬೇಡಿಕೆಯ ಕುರಿತು ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ ಲಿಖಿತವಾಗಿ ದೂರು ನೀಡಬಹುದು. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ ಸಂಖ್ಯೆ 1902.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗರ್ಭಿಣಿಯರಲ್ಲಿ ಕಾಣಿಸಿಕೊಂಡ ಉಬ್ಬಿಗೆ ಶಸ್ತ್ರಚಿಕಿತ್ಸೆ ಬೇಕೇ?
ಉತ್ತರ: ಸಾಮಾನ್ಯವಾಗಿ ಬೇಡ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಉಬ್ಬು ಕಡಿಮೆಯಾಗುವುದುಂಟು. ಆದರೆ ಒಂದೇ ಕಾಲು ಊದಿಕೊಂಡಲ್ಲಿ ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು.

ಪ್ರಶ್ನೆ: ಮಾತ್ರೆಗಳಿಂದ ಗುಣವಾಗುತ್ತದೆಯೇ?
ಉತ್ತರ: ಕೆಲವು ಮಾತ್ರೆಗಳು ಊತ ಮತ್ತು ಭಾರವನ್ನು ಕಡಿಮೆ ಮಾಡಬಹುದು. ಸೋರುವ ಕವಾಟವನ್ನು ಸರಿಪಡಿಸುವ ಮಾತ್ರೆ ಇಲ್ಲ.

ಪ್ರಶ್ನೆ: ನೋವಿಲ್ಲದಿದ್ದರೂ ಚಿಕಿತ್ಸೆ ಬೇಕೇ?
ಉತ್ತರ: ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆದರೆ ಒಮ್ಮೆ ತಪಾಸಣೆ ಮಾಡಿಸಿ ಯಾವ ಹಂತದಲ್ಲಿದೆ ಎಂದು ತಿಳಿದುಕೊಳ್ಳುವುದು ಅವಶ್ಯ. ಚರ್ಮದ ಬಣ್ಣ ಬದಲಾದಲ್ಲಿ ನೋವಿಲ್ಲದಿದ್ದರೂ ವಿಳಂಬ ಸಲ್ಲದು.

ಪ್ರಶ್ನೆ: ಚಿಕಿತ್ಸೆಯ ನಂತರ ಎಷ್ಟು ದಿನ ಕೆಲಸ ಬಿಡಬೇಕು?
ಉತ್ತರ: ಶಾಖ ಚಿಕಿತ್ಸೆಯ ನಂತರ ಬಹುತೇಕರು ಕೆಲವೇ ದಿನಗಳಲ್ಲಿ ಸಾಮಾನ್ಯ ಕೆಲಸಕ್ಕೆ ಮರಳುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಎರಡು-ಮೂರು ವಾರ ಬೇಕಾಗಬಹುದು. ಹೊಲದ ಭಾರದ ಕೆಲಸವನ್ನು ವೈದ್ಯರನ್ನು ಕೇಳಿ ಪ್ರಾರಂಭಿಸುವುದು.

ಪ್ರಶ್ನೆ: ಉಬ್ಬಿದ ರಕ್ತನಾಳ ತೆಗೆದಲ್ಲಿ ಕಾಲಿಗೆ ರಕ್ತ ಕಡಿಮೆಯಾಗುವುದಿಲ್ಲವೇ?
ಉತ್ತರ: ಇಲ್ಲ. ಕಾಲಿಗೆ ರಕ್ತ ತರುವುದು ಅಪಧಮನಿ. ತೆಗೆಯುವುದು ಕೆಟ್ಟುಹೋದ ಮರಳು ದಾರಿಯನ್ನು ಮಾತ್ರ. ಆಳದ ಅಭಿಧಮನಿಗಳು ಸರಿಯಾಗಿವೆ ಎಂದು ಡಾಪ್ಲರ್ ಮೂಲಕ ಖಚಿತವಾದ ನಂತರವೇ ಈ ಚಿಕಿತ್ಸೆ ಮಾಡಲಾಗುತ್ತದೆ.

14. ಸಾರ್ವಜನಿಕರಲ್ಲಿ ಕೋರಿಕೆ

ಮನೆಯಲ್ಲಿರುವ ಹಿರಿಯರ ಹಾಗೂ ದಿನವಿಡೀ ನಿಂತು ದುಡಿಯುವವರ ಕಾಲುಗಳನ್ನು ಸಂಜೆ ವೇಳೆ ಬೆಳಕಿನಲ್ಲಿ ಒಮ್ಮೆ ಗಮನಿಸತಕ್ಕದ್ದು. ಪಾದದ ಗಂಟಿನ ಒಳಬದಿಯ ಚರ್ಮ ಕಪ್ಪಾಗಿದ್ದಲ್ಲಿ ಅಥವಾ ಮಾಯದ ಗಾಯವಿದ್ದಲ್ಲಿ ಮುಂದಿನ ಸಂತೆಯ ದಿನಕ್ಕಾಗಲಿ, ಸುಗ್ಗಿಯ ನಂತರಕ್ಕಾಗಲಿ ಮುಂದೂಡದೆ, ಮೇಲ್ಕಂಡ ದಾಖಲೆಗಳೊಂದಿಗೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಕರೆತರುವಂತೆ ಕೋರಲಾಗಿದೆ. ಈ ಪುಟದ ಮಾಹಿತಿಯು ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಬದಲಿಯಾಗುವುದಿಲ್ಲ.